ಉಗ್ರಾಣಿಗೆ ಕುದುರೆ ಬಂದದ್ದು

ಅರಿಷಡ್ವರ್ಗಗಳಲ್ಲಿ ಮತ್ಸರವನ್ನು ಎಲ್ಲಕ್ಕಿಂತ ಕೊನೆಗೆ ಇಟ್ಟಿದ್ದಾರೆ. ಅದು ಬಹಳ ಸೂಕ್ಷ್ಮವಾದದ್ದು, ಉಳಿದ ಐದನ್ನೂ ಗೆದ್ದು ಬಂದ ಜ್ಞಾನಿಯೂ ಇದರ ಮುಂದೆ ಎಡವುತ್ತಾನೆ ಎಂದು ಬಲ್ಲವರು ಹೇಳುತ್ತಾರೆ. ನಾನು ಉಳಿದ ಐದರಲ್ಲಿ ಒಂದನ್ನೂ ಗೆದ್ದಿರಲಿಲ್ಲ. ಆದರೂ ಎಡವಿದೆ. ಅದೂ ಶನಿವಾರ ಸಂಜೆ, ಮನೆಯ ಸೋಫಾದ ಮೇಲೆ ಕುಳಿತಲ್ಲೇ.

ನನ್ನ ಮತ್ಸರಕ್ಕೆ ಗುರಿಯಾದವನು ನೆರೆಮನೆಯವನಲ್ಲ, ದಾಯಾದಿಯಲ್ಲ, ಕೆಲಸದಲ್ಲಿ ನನ್ನನ್ನು ದಾಟಿ ಮೇಲೆ ಹೋದವನೂ ಅಲ್ಲ. ಹಾಗಿದ್ದರೆ ಹೇಳಿಕೊಳ್ಳಲು ಸ್ವಲ್ಪ ಮರ್ಯಾದೆಯಾದರೂ ಇರುತ್ತಿತ್ತು. ಅವನೊಬ್ಬ ಕಾದಂಬರಿಯ ಪಾತ್ರ. ಅವನಿಗೆ ರೇಷನ್ ಕಾರ್ಡಿಲ್ಲ, ಆಧಾರ್ ಇಲ್ಲ, ಕೇಳುವ ಅಪ್ಪ ಅಮ್ಮ ಇಲ್ಲ. ಇಷ್ಟೆಲ್ಲ ಇಲ್ಲದವನು ವಿಜಯಪುರದ ನನ್ನ ಮನೆಗೆ ಬಂದು ನನ್ನ ಜಾಗದಲ್ಲಿ ಹೇಗೆ ಕುಳಿತ ಎಂಬುದನ್ನು ಹೇಳಬೇಕಾಗಿದೆ.

ಅದು ಏಳು ಸಂಪುಟಗಳ ಮಾಂತ್ರಿಕ ಕಾದಂಬರಿ ಮಾಲೆ. ಬೆಟ್ಟದ ಮೇಲೊಂದು ಕೋಟೆ. ಗಾಳಿಗೆ ಹಗ್ಗ ಹಾಕಿ ಕಟ್ಟುವ ಒಬ್ಬ ರಾಣಿ. ಹಕ್ಕಿಗಳ ಹೊಟ್ಟೆಯಲ್ಲಿ ಮಾತು ಬಚ್ಚಿಡುವ ಒಬ್ಬ ಮುದುಕಿ. ಆ ರಾಜ್ಯದ ಪದ್ಧತಿ ಏನೆಂದರೆ, ಯುದ್ಧಕ್ಕೆ ಹೊರಟವರು ತಮ್ಮ ನೆರಳನ್ನು ಕೋಟೆಯಲ್ಲಿ ಬಿಟ್ಟು ಹೋಗಬೇಕು. ನೆರಳು ಊರಲ್ಲಿದ್ದರೆ ಮನುಷ್ಯ ಎಲ್ಲಿ ಸತ್ತರೂ ಅವನ ಹೆಸರು ಸಾಯುವುದಿಲ್ಲ ಎಂಬ ನಂಬಿಕೆ. ಹೀಗೆ ಬಿಟ್ಟುಹೋದ ನೆರಳುಗಳನ್ನು ಮಡಿಚಿ, ಗಡಿಗೆಗಳಲ್ಲಿ ತುಂಬಿ, ಬಾಯಿ ಕಟ್ಟಿ, ನುಸಿ ಹಿಡಿಯದಂತೆ ಆಗಾಗ ತೆಗೆದು ಕೊಡವಿ ಇಡುವವನು ಉಗ್ರಾಣಿ. ಅಂದರೆ ಕೋಟೆಯ ಉಗ್ರಾಣ ಕಾಯುವವನು. ಕುಳ್ಳ, ಹೊಟ್ಟೆಯಿದೆ, ಧೂಳಿಗೆ ಕೆಮ್ಮುತ್ತಾನೆ, ಕುದುರೆ ಕಂಡರೆ ಗೋಡೆಗೆ ಆನಿಕೊಳ್ಳುತ್ತಾನೆ. ಅವನಿಗೆ ರಾಣಿಯ ಮೇಲೆ ಪ್ರೀತಿ. ರಾಣಿ ಉಗ್ರಾಣಕ್ಕೆ ಇಳಿದು ಬಂದಾಗಲೆಲ್ಲ ಅವನು ಏನೋ ಹೇಳಬೇಕೆಂದು ಬಾಯಿ ತೆರೆಯುತ್ತಾನೆ. ತೆರೆದ ಬಾಯಿಂದ ಪ್ರತಿಸಲವೂ ಬರುವುದು ಒಂದೇ ಮಾತು: “ಇವತ್ತು ಯಾರ ನೆರಳು ತೆಗೆಯಲಿ, ದೊರೆಸಾನಿ?”

ಏಳು ಸಂಪುಟಗಳಲ್ಲಿ ಲೇಖಕ ಇವನಿಗೆ ಕೊಟ್ಟ ಪುಟಗಳು ಕಡಿಮೆ. ಆದರೆ ನಮ್ಮ ಮನೆಯಲ್ಲಿ ಅವನೇ ನಾಯಕನಾಗಿದ್ದ. ಕಾರಣ ನಾನು.

ನಾನು ವಿಜಯಪುರದ ಒಂದು ಕೋಲ್ಡ್ ಸ್ಟೋರೇಜಿನಲ್ಲಿ ಉಸ್ತುವಾರಿ. ದ್ರಾಕ್ಷಿ ಬೆಳೆಗಾರರು ಒಣದ್ರಾಕ್ಷಿ (ನಮ್ಮ ಕಡೆಯ ಮಾತಿನಲ್ಲಿ ಮಣೂಕ) ಮಾಡಿ, ಬಾಕ್ಸುಗಳಲ್ಲಿ ತುಂಬಿ, ಒಳ್ಳೆಯ ಬೆಲೆ ಬರುವ ತನಕ ನಮ್ಮಲ್ಲಿ ತಂದಿಡುತ್ತಾರೆ. ಯಾರ ಬಾಕ್ಸು ಯಾವ ಕೋಣೆಯಲ್ಲಿ, ಯಾವ ಸಾಲಿನಲ್ಲಿದೆ ಎಂಬುದು ನನಗೆ ನಿದ್ದೆಯಲ್ಲೂ ಗೊತ್ತು. ನನ್ನ ಹೆಂಡತಿ ತಿಕೋಟಾದವಳು. ಅವರ ಮನೆಯ ಒಣದ್ರಾಕ್ಷಿಯೂ ನಮ್ಮಲ್ಲೇ ಇರುತ್ತಿತ್ತು. ಇಪ್ಪತ್ತು ವರ್ಷದ ಹಿಂದೆ ನಮ್ಮ ನಿಶ್ಚಿತಾರ್ಥವಾದಾಗ ಅವರ ತೋಟದಲ್ಲಿ ಒಣದ್ರಾಕ್ಷಿ ಆರಿಸುವ ಸುಗ್ಗಿ. ಅವಳು ಇಡೀ ದಿನ ಶೆಡ್ಡಿನಲ್ಲಿ ತೊಟ್ಟು ತೆಗೆಯುತ್ತ ಕೂಡುತ್ತಾಳೆ, ಓದಲು ಏನಾದರೂ ಇದ್ದರೆ ಕಳಿಸಬೇಕಂತೆ ಎಂದು ಸುದ್ದಿ ಬಂತು. ನನ್ನ ಬಳಿ ಓದಲು ಇದ್ದದ್ದು ಆ ಮಾಲೆ ಒಂದೇ.

ಹಳ್ಳಿಗಳಿಂದ ಬಂದು ವಿಜಯಪುರದಲ್ಲಿ ಕೋಣೆ ಮಾಡಿಕೊಂಡು ಓದುವ ಹುಡುಗರಿಗೆ ಮನೆಯಿಂದ ಬಸ್ಸಿನಲ್ಲಿ ಬುತ್ತಿ ಬರುವ ಪದ್ಧತಿ ನಮ್ಮ ಕಡೆ ಇದೆ. ಕಂಡಕ್ಟರ್ ಸೀಟಿನ ಪಕ್ಕ ರೊಟ್ಟಿ ಗಂಟುಗಳ ಗುಡ್ಡೆಯೇ ಇರುತ್ತದೆ. ತಿಕೋಟಾ ಬಸ್ಸು ಖಾಲಿ ಬುತ್ತಿಗಳನ್ನು ಹೊತ್ತು ಹೊಳ್ಳಿ ಹೋಗುವಾಗ ನಾನು ಒಂದು ಸಂಪುಟವನ್ನು ಅದರಲ್ಲಿ ಸೇರಿಸುತ್ತಿದ್ದೆ. ಅವಳು ಓದಿ ಮುಗಿಸಿ, ಬುತ್ತಿಗಳ ನಡುವೆ ಇಟ್ಟು ಕಳಿಸುತ್ತಿದ್ದಳು. ಹೀಗಾಗಿ ನಮ್ಮ ಮೂರನೆಯ ಸಂಪುಟದಲ್ಲಿ ಯಾರದೋ ಶೇಂಗಾ ಚಟ್ನಿಯ ಎಣ್ಣೆ ಇಳಿದಿದೆ, ನಾಲ್ಕನೆಯದರಲ್ಲಿ ಕೋಟೆಗೆ ಮುತ್ತಿಗೆ ಹಾಕುವ ಅಧ್ಯಾಯ ಈಗಲೂ ಬೆಳ್ಳುಳ್ಳಿ ನಾರುತ್ತದೆ. ಆ ಕಂಡಕ್ಟರರ ಹಾಗೆ ಸಾಹಿತ್ಯ ಸೇವೆ ಮಾಡಿದವರು ಜಿಲ್ಲೆಯಲ್ಲಿ ಕಡಿಮೆ.

ಐದನೆಯ ಸಂಪುಟ ಮುಗಿದ ದಿನ ಅವಳು ಫೋನಿನಲ್ಲಿ ಹೇಳಿದಳು: “ನೀವು ಉಗ್ರಾಣಿ ಇದ್ದಂಗ ಅದೀರಿ ನೋಡ್ರಿ.”

ನನ್ನ ಜೀವಮಾನದಲ್ಲಿ ಯಾರೂ ನನಗೆ ಅಂಥ ಮಾತು ಹೇಳಿರಲಿಲ್ಲ. ವಿಶ್ವಾಸಕ್ಕೆ ಮತ್ತೊಂದು ಹೆಸರು ಉಗ್ರಾಣಿ. ಇಟ್ಟದ್ದನ್ನು ಇಟ್ಟಹಾಗೆ ಕಾಯುವವನು. ಮದುವೆಯಾದ ಮೇಲೂ ಆ ಹೆಸರು ಉಳಿಯಿತು. ಬಬಲೇಶ್ವರಕ್ಕೆ ಕೊಟ್ಟ ಅವಳ ತಂಗಿ ನನ್ನನ್ನು ‘ಉಗ್ರಾಣಿ ಮಾಮಾ’ ಎಂದೇ ಕರೆಯುತ್ತಿದ್ದಳು. ನಮಗೊಬ್ಬಳು ಮಗಳಿದ್ದಾಳೆ, ಧಾರವಾಡದಲ್ಲಿ ಓದುತ್ತಾಳೆ. ಅವಳು ಈ ಪ್ರಕರಣದಲ್ಲಿ ಎಲ್ಲೂ ಬಾಯಿ ಹಾಕಲಿಲ್ಲ, ಜಾಣೆ.

ಹೀಗೆ ಯಾವ ತಂಟೆಯೂ ಇಲ್ಲದೆ ನಾನು ಉಗ್ರಾಣಿಯಾಗಿ ಬಾಳುತ್ತಿದ್ದಾಗ ಆ ಮಾಲೆ ಟಿವಿಯಲ್ಲಿ ಧಾರಾವಾಹಿಯಾಗಿ ಬಂತು. ಪ್ರತಿ ಶನಿವಾರ ಸಂಜೆ ಒಂದು ತಾಸು.

ಮೊದಲ ವಾರ ನಾನೇ ಉತ್ಸಾಹದಿಂದ ಎಲ್ಲರಿಗಿಂತ ಮುಂಚೆ ಕುಳಿತೆ. ಪುಸ್ತಕದ ರಾಣಿಗೆ ಐವತ್ತರ ಹತ್ತಿರ ವಯಸ್ಸು, ಮುಖದ ಮೇಲೆ ಸಿಡುಬಿನ ಕಲೆ, ಗಾಳಿಯ ಹಗ್ಗ ಎಳೆದೆಳೆದು ಒರಟಾದ ಅಂಗೈ. ಟಿವಿಯ ರಾಣಿ ಈಗಷ್ಟೇ ಕಾಲೇಜಿನ ಬಸ್ಸು ಇಳಿದವಳಂತಿದ್ದಳು. ನಾನು ಉದಾರವಾಗಿ ಕ್ಷಮಿಸಿದೆ. ಹಕ್ಕಿ ಮುದುಕಿಯ ಹಲ್ಲುಗಳೆಲ್ಲ ಮರಳಿ ಬಂದಿದ್ದವು, ಕಣ್ಣಿಗೆ ಅಂಟಿಸಿದ ರೆಪ್ಪೆ ಅವಳಿಗಿಂತ ಅರ್ಧ ಕ್ಷಣ ಮೊದಲು ಬಾಗಿಲು ದಾಟುತ್ತಿತ್ತು. ಅವಳನ್ನೂ ಕ್ಷಮಿಸಿದೆ. ಪುಸ್ತಕದಲ್ಲಿ ಸುಮ್ಮನೆ ಕೆಟ್ಟವನಾಗಿದ್ದ ರಾಣಿಯ ತಮ್ಮನಿಗೆ ಚಿಕ್ಕಂದಿನಲ್ಲಿ ಯಾರೋ ಹಾಲು ಕೊಡದ ದುಃಖವನ್ನು ಹುಟ್ಟಿಸಿದ್ದರು. ಇರಲಿ, ಅವನಿಗಾಗಿ ಅಳುವವರೂ ಬೇಕಲ್ಲ ಎಂದುಕೊಂಡೆ. ಒಟ್ಟಿನಲ್ಲಿ ಬೇರೆಯವರ ಪಾತ್ರಗಳನ್ನು ಕೆಡಿಸುತ್ತಿದ್ದಷ್ಟು ಕಾಲ ನಾನು ವಿಶಾಲ ಹೃದಯದವನೇ ಇದ್ದೆ.

ಮೂರನೆಯ ವಾರ ಉಗ್ರಾಣಿ ಬಂದ.

ಏನಾಗಿತ್ತು ಎಂಬುದನ್ನು ನಾನು ಆಮೇಲೆ ಶಾಂತವಾಗಿ ಕುಳಿತು ಲೆಕ್ಕ ಹಾಕಿದ್ದೇನೆ. ನೆರಳು ಮಡಿಚುವುದನ್ನು ತೋರಿಸಲು ಗ್ರಾಫಿಕ್ಸ್ ಬೇಕು, ಕತ್ತಿಗಳಾದರೆ ಬಾಡಿಗೆಗೆ ಸಿಗುತ್ತವೆ. ಹೀಗಾಗಿ ನೆರಳಿನ ಉಗ್ರಾಣ ಹೋಗಿ ಆಯುಧಗಳ ಉಗ್ರಾಣವಾಯಿತು. ಆಯುಧ ಕಾಯುವವನಿಗೆ ಅದನ್ನು ಬೀಸಲೂ ಬರಬೇಕಲ್ಲ, ಬಂತು. ಬೀಸುವವನಿಗೆ ತೋಳು ಬೇಕಲ್ಲ, ಬಂದವು. ಅಂಥ ತೋಳು ಬಂದ ಮೇಲೆ ಅಂಗಿ ಯಾಕೆಂದು ಅದನ್ನು ತೆಗೆದರು. ಇಷ್ಟಾದ ಮೇಲೆ ಅವನು ನಡೆದುಕೊಂಡು ಬಂದರೆ ಹೇಗೆ? ಕುದುರೆ ಕೊಟ್ಟರು.

ಟಿವಿಯಲ್ಲಿ ಕೋಟೆಯ ಬಾಗಿಲು ತೆರೆಯಿತು. ಬಿಳಿ ಕುದುರೆ. ಮೇಲೆ ಅವನು. ಕೂದಲು ಹೆಗಲ ತನಕ.

“ಅಯ್ಯ, ಇಂವ ಉಗ್ರಾಣಿ ಏನ್ರಿ?” ಎಂದಳು ನನ್ನ ಹೆಂಡತಿ.

“ಅಲ್ಲ.”

“ಹೌದಲ್ರಿ, ಈಗರ ರಾಣಿ ಉಗ್ರಾಣಿ ಅಂತ ಕರದ್ಲು.”

“ತಪ್ಪಿ ಕರದಾಳ.”

ಅವಳು ಸ್ವಲ್ಪ ಹೊತ್ತು ನೋಡಿದಳು. ಆಮೇಲೆ, ತರಕಾರಿ ಸಂತೆಯಲ್ಲಿ ಒಳ್ಳೆಯ ಬದನೆಕಾಯಿ ಕಂಡಾಗಿನ ದನಿಯಲ್ಲಿ, “ಛಲೋ ಅದಾನ ತಗೋರಿ” ಎಂದಳು.

ಆ ಕ್ಷಣ ನನ್ನ ಎದೆಯಲ್ಲಿ ಆದದ್ದನ್ನು ನಾನು ಮೊದಲು ಅಜೀರ್ಣ ಎಂದುಕೊಂಡು ಜೀರಿಗೆ ನೀರು ಕುಡಿದೆ. ಜೀರಿಗೆಗೆ ಅದು ಬಗ್ಗಲಿಲ್ಲ.

ಮುಂದಿನ ವಾರಗಳಲ್ಲಿ ಪರಿಸ್ಥಿತಿ ಕೈಮೀರಿತು. ಧಾರಾವಾಹಿ ಮುಗಿದ ಕೂಡಲೇ ಬಬಲೇಶ್ವರದಿಂದ ತಂಗಿಯ ಫೋನು. ಅವಳ ದನಿಗೆ ಸ್ಪೀಕರ್ ಬೇಕಾಗಿಲ್ಲ, ಆದರೂ ನನ್ನ ಹೆಂಡತಿ ಹಾಕುತ್ತಿದ್ದಳು.

“ಅಕ್ಕಾ, ನೋಡಿದಿಲ್ಲಬೇ? ರಾಣಿ ಮುಂದ ನಿಂತು ಏನ್ ಮಾತಾಡಿದಾ! ನನಗ ಕಣ್ಣಾಗ ನೀರ ಬಂತು.”

“ನನಗೂ ಬಂತು ಬಿಡ. ರೊಟ್ಟಿ ಹೊತ್ತಿದ್ದೂ ಗೊತ್ತಾಗಲಿಲ್ಲ.”

“ಹಳೇ ಉಗ್ರಾಣಿ ಮಾಮಾ ಏನ್ ಮಾಡಾಕತ್ತಾರ?”

“ಹೊತ್ತಿದ ರೊಟ್ಟಿ ತಿನ್ನಾಕತ್ತಾರ.”

ಹಳೇ! ಹಳೆಯದು ಎನ್ನಬೇಕಾದರೆ ಹೊಸದೊಂದು ಬಂದಿರಬೇಕು. ಮನೆಯಲ್ಲಿ ಫ್ರಿಜ್ಜು ಬದಲಾಯಿಸಿದಾಗ ಹಳೆಯದಕ್ಕೆ ಏನನಿಸುತ್ತದೆ ಎಂಬುದು ನನಗೆ ಅಂದು ತಿಳಿಯಿತು.

ತಂಗಿಯ ಗಂಡ, ಅಂದರೆ ನನ್ನ ಷಡ್ಡಕ, ಬಬಲೇಶ್ವರದಲ್ಲಿ ಬೆಳೆಗೆ ಹೊಡೆಯುವ ಔಷಧಿಯ ಅಂಗಡಿ ಇಟ್ಟಿದ್ದಾನೆ. ಯಾವುದೋ ಔಷಧಿ ಕಂಪನಿ ಉಗ್ರಾಣಿ ಪಾತ್ರದ ಆ ನಟನನ್ನು ಹಿಡಿದು ಕ್ಯಾಲೆಂಡರ್ ಮಾಡಿಸಿತ್ತು. ದ್ರಾಕ್ಷಿ ಗೊನೆಗಳ ನಡುವೆ ಎದೆಯ ಮೇಲೆ ಕೈಕಟ್ಟಿ ನಿಂತಿದ್ದ. ದ್ರಾಕ್ಷಿ ತೋಟದಲ್ಲಿ ಅಷ್ಟು ಬಿಡುವಾಗಿ ಕೈಕಟ್ಟಿ ನಿಂತ ಒಬ್ಬ ಮನುಷ್ಯನನ್ನೂ ನಾನು ತಿಕೋಟಾದಲ್ಲಿ ಕಂಡಿಲ್ಲ. ಆ ಕ್ಯಾಲೆಂಡರ್ ನಮ್ಮ ಅಡುಗೆಮನೆಗೆ ಬಂತು.

“ಇದ್ಯಾಕ ಇಲ್ಲಿ?” ಎಂದು ಕೇಳಿದೆ.

“ತಾರೀಖು ದೊಡ್ಡಕ್ಷರದಾಗ ಅದಾವ್ರಿ. ಕನ್ನಡಕ ಬೇಕಾಗಂಗಿಲ್ಲ.”

ತಾರೀಖಿಗೂ ಅವನ ಮುಖಕ್ಕೂ ನಡುವೆ ಒಂದು ಗೇಣು ಅಂತರವಿತ್ತು. ಕನ್ನಡಕವಿಲ್ಲದೆ ಅವಳು ಯಾವುದನ್ನು ನೋಡುತ್ತಾಳೆಂದು ಪತ್ತೆ ಹಚ್ಚಲು ನಾನು ಚಹಾದ ನೆಪ ಮಾಡಿ ಹಲವು ಸಲ ಅಡುಗೆಮನೆಗೆ ಹೋದೆ. ಚಹಾ ಮಾತ್ರ ಹೆಚ್ಚಾಯಿತು.

ಶನಿವಾರ ಸಂಜೆಗೇ ಬೀಳುವಂತೆ ನಾನು ಬಂಧುಗಳ ಮನೆಯ ಭೇಟಿಗಳನ್ನು ಹೊಂದಿಸಿದೆ. ಎಂದೂ ಕಾಲಿಡದ ಮನೆಗಳಿಗೆಲ್ಲ ಹೋಗಿ ಯೋಗಕ್ಷೇಮ ವಿಚಾರಿಸಿದೆವು. ಆ ಮನೆಗಳಲ್ಲೂ ಟಿವಿ ಇದ್ದವು. ಟಿವಿ ಇಲ್ಲದ ಒಂದು ಮನೆ ಸಿಕ್ಕಾಗ ಅವಳು ಮರುದಿನ ಮೊಬೈಲಿನಲ್ಲಿ ನೋಡಿದಳು. ಸಣ್ಣ ಪರದೆಯಾದ್ದರಿಂದ ಅವನನ್ನು ಇನ್ನೂ ಹತ್ತಿರ ಹಿಡಿದುಕೊಂಡು ನೋಡಿದಂತಾಯಿತು. ಆ ಉಪಾಯವನ್ನು ಅಲ್ಲಿಗೇ ಬಿಟ್ಟೆ.

ನನಗೆ ಬೇಕಾಗಿದ್ದದ್ದು ದೊಡ್ಡದೇನಲ್ಲ. ‘ಆ ಟಿವಿಯವನು ಉಗ್ರಾಣಿ ಅಲ್ಲ, ನೀವೇ ಖರೇ ಉಗ್ರಾಣಿ’ ಎಂದು ಅವಳು ಒಂದು ಸಲ ಹೇಳಬೇಕು. ತಂಗಿಯ ಎದುರು ಹೇಳಬೇಕು. ಅಷ್ಟೇ. ಇಪ್ಪತ್ತು ವರ್ಷ ಇಟ್ಟುಕೊಂಡಿದ್ದ ಹೆಸರನ್ನು ಅಂಗಿಯಿಲ್ಲದವನೊಬ್ಬ ಒಯ್ಯುವುದನ್ನು ನೋಡುತ್ತ ಕೂಡುವುದು ನನ್ನಿಂದಾಗಲಿಲ್ಲ.

ಎಳ್ಳು ಅಮಾವಾಸ್ಯೆ ಬಂತು. ಅಂದು ನಮ್ಮ ಕಡೆ ಎಲ್ಲರೂ ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗಿ, ಬೆಳೆಗೆ ಪೂಜೆ ಮಾಡಿ, ಹೊಲದ ತುಂಬ ಚರಗ ಚೆಲ್ಲಿ, ಅಂದರೆ ಮಾಡಿದ ಅಡುಗೆಯನ್ನೆಲ್ಲ ಭೂಮಿತಾಯಿಗೆ ಎರಚಿ ಉಣ್ಣಿಸಿ, ಆಮೇಲೆ ತಾವು ಉಣ್ಣುತ್ತಾರೆ. ಷಡ್ಡಕನ ಹೊಲ ಬಬಲೇಶ್ವರದ ಹತ್ತಿರವೇ. ಪ್ರತಿ ವರ್ಷ ನಾವು ಅಲ್ಲಿಗೇ ಹೋಗುವುದು. ಈ ಸಲ ಹೋಗುವಾಗ ನಾನು ಚೀಲದಲ್ಲಿ ಮೊದಲನೆಯ ಮತ್ತು ಏಳನೆಯ ಸಂಪುಟಗಳನ್ನು ಇಟ್ಟುಕೊಂಡೆ. ನನಗೆ ತಿಳಿದಂತೆ ಎಳ್ಳು ಅಮಾವಾಸ್ಯೆಗೆ ಹೊಲಕ್ಕೆ ಕಾದಂಬರಿ ಒಯ್ದವರು ಜಿಲ್ಲೆಯಲ್ಲಿ ಬೇರೆ ಯಾರೂ ಇಲ್ಲ.

ಬಿಳಿಜೋಳ ಎದೆಯೆತ್ತರ ನಿಂತಿತ್ತು. ಬನ್ನಿ ಗಿಡದ ಕೆಳಗೆ ಕಂಬಳಿ ಹಾಸಿ ಎಲ್ಲರೂ ಕುಳಿತೆವು. ಸಜ್ಜೆ ರೊಟ್ಟಿ, ಎಣ್ಣೆಗಾಯಿ, ಪುಂಡಿ ಪಲ್ಯೆ, ಶೇಂಗಾ ಹೋಳಿಗೆ. ಊಟ ಅರ್ಧಕ್ಕೆ ಬಂದಾಗ, ತಂಗಿ ಆ ವಾರದ ಕಂತಿನ ಮಾತು ತೆಗೆದ ಗಳಿಗೆಗೆ ಸರಿಯಾಗಿ, ನಾನು ಚೀಲಕ್ಕೆ ಎಡಗೈ ಹಾಕಿ ಮೊದಲನೆಯ ಸಂಪುಟ ಹೊರತೆಗೆದೆ.

“ಮಾಮಾ, ಏನ್ರಿ ಅದು? ಉಣ್ಣೂದ ಬಿಟ್ಟು?” ಎಂದಳು ತಂಗಿ.

“ಪುರಾವೆ” ಎಂದೆ. ಗಂಟಲು ಸರಿಮಾಡಿಕೊಂಡು ಗಟ್ಟಿಯಾಗಿ ಓದಿದೆ. ಉಗ್ರಾಣಿ ಕುಳ್ಳಗಿದ್ದ. ಅವನ ಹೊಟ್ಟೆ ಅವನಿಗಿಂತ ಮೊದಲು ಬಾಗಿಲು ದಾಟುತ್ತಿತ್ತು. ಕುದುರೆಯ ಕೆನೆತ ಕೇಳಿದರೆ ಗೋಡೆಗೆ ಆನಿಕೊಳ್ಳುತ್ತಿದ್ದ. ಇಷ್ಟು ಓದಿ ಪುಸ್ತಕ ಮುಚ್ಚಿ ಸುತ್ತಲೂ ನೋಡಿದೆ.

ಷಡ್ಡಕ ಎಣ್ಣೆಗಾಯಿ ಚಪ್ಪರಿಸುತ್ತ, “ಅಣ್ಣಾರ, ಪುಸ್ತಕದಾಗಿಂದು ಪುಸ್ತಕದಾಗ ಇರ್ಲಿ ಬಿಡ್ರಿ. ಟಿವ್ಯಾಗ ಹೊಟ್ಟಿ ತೋರಿಸಿದ್ರ ಯಾರ ನೋಡ್ತಾರ? ಹೊಟ್ಟಿ ನಮ್ಮವೂ ಅದಾವಲ್ಲ” ಎಂದ.

“ಮಾಮಾಗ ಹೊಟ್ಟಿಕಿಚ್ಚ ಆಗೇತಿ” ಎಂದಳು ತಂಗಿ.

“ನನಗ್ಯಾಕ ಆಗ್ತೈತಿ? ಸಾಹಿತ್ಯಕ್ಕ ಅನ್ಯಾಯ ಆಗೇತಿ.”

“ರಾಣಿ ಸಣ್ಣಾಕಿ ಆದಾಗ ಸಾಹಿತ್ಯ ಸುಮ್ಮ ಕುಂತಿತ್ತಲ್ರಿ!”

ಎಲ್ಲರೂ ನಕ್ಕರು. ನಾನು ಹೆಂಡತಿಯ ಕಡೆ ತಿರುಗಿದೆ. “ನೀನ ಹೇಳು. ನೀವು ಉಗ್ರಾಣಿ ಇದ್ದಂಗ ಅದೀರಿ ಅಂತ ಅವತ್ತ ಫೋನಿನ್ಯಾಗ ಅಂದಿದ್ದಿ. ಯಾವ ಉಗ್ರಾಣಿ? ಈ ಪುಸ್ತಕದಾಂವೋ, ಆ ಕುದುರಿ ಮ್ಯಾಲಿನಾಂವೋ?”

“ಪುಸ್ತಕದಾಂವ” ಎಂದಳು ಅವಳು, ತಡಮಾಡದೆ.

ನಾನು ತಂಗಿಯ ಕಡೆ ನೋಡಿದೆ. ಗೆದ್ದವರು ಹೇಗೆ ನೋಡಬೇಕೋ ಹಾಗೆ.

“ಯಾಕ ಅಂದಿದ್ದೆ ಅಂತ ಕೇಳಲಿಲ್ಲಲ್ಲ” ಎಂದಳು ಹೆಂಡತಿ.

“ಗೊತ್ತೈತಿ. ಇಟ್ಟಿದ್ದನ್ನ ಕಾಯಾಂವ. ನಂಬಿಗಸ್ತ.”

“ಅಲ್ರಿ. ನನ್ನ ನೋಡಾಕ ತಿಕೋಟಾಕ್ಕ ಬಂದಿದ್ರಲ್ಲ, ಹಿರ್ಯಾರು ಹುಡಿಗಿ ಜೋಡಿ ಏನರ ಮಾತಾಡೂದಿದ್ರ ಮಾತಾಡಪಾ ಅಂತ ಅಂದ್ರು. ನೀವು ಈಗ ಮಾಡಿದ್ರಲ್ಲ, ಹಂಗ ಗಂಟಲಾ ಸರಿ ಮಾಡ್ಕೊಂಡ್ರಿ. ನಾ ಉಸರ ಹಿಡಕೊಂಡು ನಿಂತೆ. ‘ಈ ಸಲ ಮಣೂಕಕ್ಕ ಹಸಿ ಹಿಡದಿಲ್ಲಲ್ಲ?’ ಅಂತ ಕೇಳಿದ್ರಿ.”

ಷಡ್ಡಕನ ನೆತ್ತಿಗೆ ತುತ್ತು ಹತ್ತಿತು. ತಂಗಿ ಅವನ ಬೆನ್ನು ಗುದ್ದಿದಳು.

“ಮುಂದ ಆ ಪುಸ್ತಕ ಬಂತು. ಅದರಾಗ ಉಗ್ರಾಣಿನೂ ಹಂಗ. ರಾಣಿ ಬಂದು ನಿಂತ್ರ ನೆರಳಿನ ಸುದ್ದಿ ಕೇಳ್ತಾನ. ಇದು ನಮ್ಮವರ ಕಥಿನ ಐತಿ ಅಂತ ನಗು ಬಂತು. ಅದಕ್ಕ ಅಂದಿದ್ದೆ.”

ನಾನು ಏಳನೆಯ ಸಂಪುಟಕ್ಕೆ ಕೈಹಾಕಿದೆ. ನನ್ನ ಕೊನೆಯ ಅಸ್ತ್ರ ಅದು. ಕೊನೆಯ ಸಂಪುಟದಲ್ಲಿ ರಾಣಿ ತಾನೇ ಯುದ್ಧಕ್ಕೆ ಹೊರಡುತ್ತಾಳೆ, ತನ್ನ ನೆರಳನ್ನು ಉಗ್ರಾಣಿಯ ಕೈಗೆ ಕೊಟ್ಟು ಹೋಗುತ್ತಾಳೆ, ತಿರುಗಿ ಬರುವುದಿಲ್ಲ. ಅವನು ಮುಪ್ಪಿನ ತನಕ ಆ ಒಂದು ಗಡಿಗೆಯನ್ನು ಕಾಯುತ್ತಾನೆ. “ಅದೂ ಪ್ರೀತಿ ಅಲ್ಲೇನು? ಜೀವ ಇರೂತನಾ ಕಾಯ್ದಾನ ಅಂವ.”

“ಕಾಯ್ದಾನ ಖರೇ. ಆಕಿ ನೆರಳ ಕೊಟ್ಟು ಹೋಗೂಮುಂದ ಬಾಗಲದಾಗ ಎಷ್ಟೊತ್ತ ನಿಂತಿದ್ಲು, ಅದನ್ನ ಓದೀರಿ? ಹೊಳ್ಳಿ ಹೊಳ್ಳಿ ನೋಡ್ತಾಳ. ಅಂವ ಒಂದ ಮಾತ ಆಡಿದ್ರ ಆಕಿ ಹೋಗತಿರಲಿಲ್ಲ. ಅಂವ ಗಡಿಗಿ ಬಾಯಿ ಕಟ್ಟಾಕತ್ತಿದ್ದ.”

ಆ ಪುಟ ನನಗೆ ಬಾಯಿಪಾಠ. ರಾಣಿ ಹೊರಳಿ ನೋಡುವ ಸಾಲೂ ಗೊತ್ತು. ಆದರೆ ಓದಿದಾಗಲೆಲ್ಲ ನಾನು ಮೆಚ್ಚಿದ್ದು ಅವನು ಗಡಿಗೆಗೆ ಹಾಕಿದ ಗಂಟನ್ನು. ಸಡಿಲವಿಲ್ಲ, ಬಿಗಿಯೂ ಅತಿಯಿಲ್ಲ; ಸರಕು ಕಾಯುವವನಿಗೆ ತಿಳಿಯುವ ಗಂಟು ಅದು.

“ಸೀರಿಯಲ್‌ದಾಂವ ಕುದುರಿ ಮ್ಯಾಲ ಕುಂದರ್ಲಿ, ಕ್ವಾಣದ ಮ್ಯಾಲ ಕುಂದರ್ಲಿ, ನನಗೇನಾಗಬೇಕಾಗೇತಿ?” ಎಂದಳು ಅವಳು, ನನ್ನ ತಟ್ಟೆಗೆ ತುಪ್ಪ ಬಡಿಸುತ್ತ. “ಅಂವ ಮಾತಾಡ್ತಾನ. ಇಪ್ಪತ್ತ ವರ್ಷ ಸುಮ್ಮ ಇರಾವರ ಜೋಡಿ ಬಾಳೇ ಮಾಡೇನಿ, ವಾರಕ್ಕ ಒಂದ ತಾಸು ಮಾತಾಡಾವನ್ನ ನೋಡ್ತೇನಿ. ಅಷ್ಟಕ್ಕ ಯಾಕ ಇಷ್ಟ ಉರಕೋತೀರಿ?”

ಯಾರೂ ನಗಲಿಲ್ಲ. ನಕ್ಕಿದ್ದರೆ ಸುಲಭವಾಗುತ್ತಿತ್ತು. ತಂಗಿ ಸಣ್ಣ ದನಿಯಲ್ಲಿ, “ಮಾಮಾ, ಇನ್ನೊಂದ ಹೋಳಿಗಿ ಹಾಕ್ಲ್ಯಾ?” ಎಂದಳು. ಹಾಕಿಸಿಕೊಂಡೆ.

ಅಲ್ಲಿಯ ತನಕ ನನ್ನ ಮತ್ಸರ ಅವನ ತೋಳು, ಕೂದಲು, ಕುದುರೆಗಳಿಗೆ ಸೀಮಿತವಾಗಿತ್ತು. ಅವೆಲ್ಲ ಮೇಕಪ್ಪಿನವನ ಸಾಮಾನು, ಶೂಟಿಂಗ್ ಮುಗಿದ ಮೇಲೆ ಹೊಳ್ಳಿ ಕೊಡುವಂಥವು ಎಂಬ ಸಮಾಧಾನವಿತ್ತು. ಈಗ ಅದು ಅವನ ನಾಲಿಗೆಯ ಕಡೆ ಹೊರಳಿತು. ಆ ಮಾತುಗಳನ್ನೂ ಯಾರೋ ಕೂಲಿಗೆ ಬರೆದುಕೊಟ್ಟಿರುತ್ತಾರೆ, ನಿಜ. ಆದರೆ ನನಗೆ ಯಾರೂ ಬರೆದುಕೊಟ್ಟಿಲ್ಲ ಎಂಬುದು ಉತ್ತರವಾಗುವುದಿಲ್ಲ.

ಸಂಜೆಯ ಬಸ್ಸಿಗೆ ವಿಜಯಪುರಕ್ಕೆ ಹೊರಟೆವು. ಅವಳಿಗೆ ಸರಕಾರದ ಉಚಿತ ಟಿಕೆಟ್ಟು, ನನಗೆ ಕಾಸಿನದು. ದಾರಿಯುದ್ದಕ್ಕೂ ನಾನು ಒಳಗೊಳಗೇ ಮಾತು ಕೂಡಿಸಿದೆ. ಚೆನ್ನಾಗಿಯೇ ಕೂಡಿದವು. ಗೋಳಗುಮ್ಮಟದ ತಲೆ ಕಾಣಿಸಿದಾಗ ಅವಳ ಕಡೆ ತಿರುಗಿದೆ.

“ಏನ್ರಿ?” ಎಂದಳು.

“ಗಾಳಿ ಥಂಡಿ ಐತಿ. ಕಿಡಕಿ ಮುಚ್ಚಲ್ಯಾ?”

ಅವಳೇ ಮುಚ್ಚಿದಳು.

ಆ ಶನಿವಾರ ನಾನು ಯಾವ ನೆಪವನ್ನೂ ಹುಡುಕಲಿಲ್ಲ. ಪಕ್ಕದಲ್ಲಿ ಕುಳಿತು ನೋಡಿದೆ. ಅಂದಿನ ಕಂತಿನಲ್ಲಿ ಅದೇ ಬಾಗಿಲು. ರಾಣಿ ಯುದ್ಧಕ್ಕೆ ಹೊರಟು ನಿಂತಿದ್ದಾಳೆ. ಪುಸ್ತಕದಲ್ಲಿ ಗಡಿಗೆ ಕಟ್ಟುವವನು ಟಿವಿಯಲ್ಲಿ ಕತ್ತಿ ಕೆಳಗಿಟ್ಟು, ‘ಹೋಗಬೇಡ’ ಎಂದ. ಬೇರೆಯೂ ಬಹಳ ಮಾತಾಡಿದ, ಆದರೆ ಮೊದಲು ಅದನ್ನೇ ಅಂದ. ರಾಣಿ ಹೋಗಲಿಲ್ಲ. ಅಲ್ಲಿಗೆ ಏಳನೆಯ ಸಂಪುಟ ಇಡಿಯಾಗಿ ಮಣ್ಣುಪಾಲಾಯಿತು. ಪ್ರತಿಭಟಿಸಲೆಂದು ತಿರುಗಿದೆ. ನನ್ನ ಹೆಂಡತಿ ಸುಲಿಯುತ್ತಿದ್ದ ಶೇಂಗಾಕಾಯಿಯನ್ನು ಹಾಗೇ ಕೈಯಲ್ಲಿ ಹಿಡಿದು ಕುಳಿತಿದ್ದಳು. ಅವಳ ಮುಖ ಹಾಗಿದ್ದದ್ದನ್ನು ನಾನು ಹಿಂದೆ ಕಂಡ ನೆನಪಿಲ್ಲ. ಕಂಡಿದ್ದೇನೋ, ಆಗ ಬೇರೆ ಏನನ್ನೋ ನೋಡುತ್ತಿದ್ದೆನೋ.

ಜಾಹೀರಾತು ಬಂತು. ದಂತಮಂಜನ, ಆಮೇಲೆ ಸಿಮೆಂಟು.

“ಅವತ್ತ ತಿಕೋಟಾದಾಗ…” ಎಂದೆ.

“ಹೂಂ?”

“ನಾ ಕೇಳಬೇಕು ಅಂತ ಬಂದಿದ್ದು ಮಣೂಕದ ಸುದ್ದಿ ಅಲ್ಲ.”

ಅವಳು ಪೂರ್ತಿ ನನ್ನ ಕಡೆ ತಿರುಗಿದಳು. “ಮತ್ತೇನ್ರಿ?”

ನಾನು ಹೇಳಲು ಹೊರಟೆ. ನಿಜ, ಹೇಳಿಯೇ ಬಿಡುತ್ತಿದ್ದೆ. ಮೊದಲ ಶಬ್ದ ಹಲ್ಲಿನ ತನಕ ಬಂದಿತ್ತು. ಅಷ್ಟರಲ್ಲಿ ಸಿಮೆಂಟು ಮುಗಿದು ಕುದುರೆಯ ಗೊರಸಿನ ಸಪ್ಪಳ ಕೇಳಿತು.

“ತಡೀರಿ ತಡೀರಿ, ಚಾಲೂ ಆತು” ಎಂದು ಅವಳು ನನ್ನ ಮೊಣಕಾಲ ಮೇಲೆ ಕೈಯಿಟ್ಟು ಟಿವಿ ಕಡೆ ಹೊರಳಿದಳು.

ಕಂತು ಮುಗಿಯಿತು. ಬಬಲೇಶ್ವರದ ಫೋನು ಬಂದು ಹೋಯಿತು. ತಟ್ಟೆ ಹಾಕುವಾಗ ಅವಳಿಗೆ ನೆನಪಾಯಿತು. “ಅವಾಗ ಏನೋ ಹೇಳಾಕತ್ತಿದ್ರಲ್ಲ?”

“ಏನಿಲ್ಲ ಬಿಡು.”

ಧಾರಾವಾಹಿ ಇನ್ನೂ ನಡೆದಿದೆ. ಅವಳು ಪ್ರತಿ ಶನಿವಾರ ನೋಡುತ್ತಾಳೆ. ನಮ್ಮ ಮನೆಯಲ್ಲಿ ಈಗ ಉಗ್ರಾಣಿ ಎಂದರೆ ಟಿವಿಯವನು.